ಕಂಪ್ರೆಸರಿನ ಹೊಟ್ಟೆಯೊಳಗಿನ ನೀರು

ಮಾರಿಹೊತ್‌ನ ಪಂಕ್ಚರ್ ಅಂಗಡಿಯ ಪೈಪಿನಲ್ಲಿ ಗಾಳಿಯ ಜೊತೆ ನೀರೂ ಬರತೊಡಗಿ ಎರಡು ತಿಂಗಳಾಗಿತ್ತು. ಕರಾವಾಂಗ್ ಪಟ್ಟಣದ ಹೆದ್ದಾರಿಯಲ್ಲಿ ಗಾಳಿ ಹಾಕಿಸಲು ನಿಂತ ಬೈಕಿನವರ ಚಪ್ಪಲಿಗೆ ಕಂದು ನೀರು ಸಿಡಿಯುತ್ತಿತ್ತು. ಯಾರಾದರೂ ಗೊಣಗಿದರೆ ಮಾರಿಹೊತ್, ಕಾಲು ತೊಳೆದದ್ದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ ಎಂದು ನಗಿಸಿ ಕಳಿಸುತ್ತಿದ್ದ.

ಪಕ್ಕದಲ್ಲೇ ಕಾಫಿ, ಕರಿದ ಬಾಳೆಹಣ್ಣು ಮಾರುವ ಹೆಂಡತಿ ತಿಯಾರ್ಮಾಗೆ ನಗು ಬರಲಿಲ್ಲ. ಕಂಪ್ರೆಸರಿನ ಗಾಳಿ ಟ್ಯಾಂಕಿನ ಅಡಿಯಲ್ಲಿ ಒಂದು ನಲ್ಲಿ ಇರುತ್ತದಂತೆ, ದಿನಾ ಅದರಿಂದ ನೀರು ಬಿಡಬೇಕಂತೆ ಎಂದು ನಾಲ್ಕಾರು ಸಲ ಹೇಳಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ರಸ್ತೆಬದಿಯ ಆ ಕಂಪ್ರೆಸರೇ ಅವನ ಅಂಗಡಿಯ ಬೋರ್ಡು. ಪ್ರತಿ ಕ್ರಿಸ್‌ಮಸ್‌ಗೆ ಅದಕ್ಕೆ ಹೊಸದಾಗಿ ಕೆಂಪು ಬಣ್ಣ ಬಳಿದು, ಬಿಳಿ ಅಕ್ಷರದಲ್ಲಿ ಹೆಸರು ಬರೆಯುತ್ತಿದ್ದ. ಹನ್ನೊಂದು ಕ್ರಿಸ್‌ಮಸ್ ಕಳೆದಿದ್ದವು.

"ಮದುಮಗಳ ಹಾಗೆ ಮಿಂಚ್ತಿದೆ, ಇದಕ್ಕೆಲ್ಲಿ ತುಕ್ಕು ಹಿಡಿಯುತ್ತೆ? ನಾನೇನು ಒಳಗೆ ನೀರು ಹುಯ್ದಿದ್ದೀನಾ?" ಎಂದುಬಿಟ್ಟ.

ಅವನ ತಾಯಿ ದಿನವಿಡೀ ಆ ಟ್ಯಾಂಕಿಗೇ ಬೆನ್ನು ಕೊಟ್ಟು ಕೂರುತ್ತಿದ್ದಳು. ಮೋಟರ್ ಓಡಿದಾಗ ಟ್ಯಾಂಕು ಬೆಚ್ಚಗಾಗುತ್ತಿತ್ತು. ಅವಳ ಸೊಂಟನೋವಿಗೆ ಅದು ಹಿತ.

ಕೊನೆಗೆ ತಿಯಾರ್ಮಾ ತನ್ನ ಅಣ್ಣ ಪಂಗಿಹುತನ್‌ನನ್ನು ಕರೆಸಿದಳು. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವರ ಬಟಾಕ ಜನಾಂಗದಲ್ಲಿ ಹೆಂಡತಿಯ ತವರಿನವರಿಗೆ ಯಾರೂ ಎದುರಾಡುವುದಿಲ್ಲ. ಹೆಂಡತಿಯ ಮುಂದೆ ಹತ್ತು ಮಾತಾಡುವ ಮಾರಿಹೊತ್ ಅವಳ ಅಣ್ಣನ ಮುಂದೆ ತುಟಿ ಪಿಟಕ್ಕೆನ್ನಲಿಲ್ಲ. ವ್ಯಾಪಾರದ ಹೊತ್ತು ಹಾಳಾಯಿತಲ್ಲ ಎಂದು ಮನಸ್ಸಿನಲ್ಲೇ ಸಿಡುಕಿದ.

ಪಂಗಿಹುತನ್ ಮೊದಲು ಮುದುಕಿಯನ್ನು ಎಬ್ಬಿಸಿ ದೂರದ ಬೆಂಚಿನ ಮೇಲೆ ಕೂರಿಸಿದ. ಮೋಟರಿನ ಕರೆಂಟು ತೆಗೆದ. ಒತ್ತಡ ತೋರಿಸುವ ಮುಳ್ಳು ಸೊನ್ನೆಗೆ ಇಳಿಯುವ ತನಕ ಗಾಳಿಯನ್ನೆಲ್ಲ ಬಿಟ್ಟ. ಆಮೇಲೆ ಬಗ್ಗಿ ನೋಡಿದರೆ ನಲ್ಲಿಯೇ ಕಾಣಲಿಲ್ಲ. ಹನ್ನೊಂದು ವರ್ಷದ ಬಣ್ಣ ಅದನ್ನು ಮುಚ್ಚಿಹಾಕಿತ್ತು.

ಚಾಕುವಿನಲ್ಲಿ ಹೆರೆಯುತ್ತ, "ನೀರು ನೀವು ಹುಯ್ಯಬೇಕಾಗಿಲ್ಲ, ಲಾಯೆ," ಎಂದ. ಬಟಾಕ ಬಾವಂದಿರು ಒಬ್ಬರನ್ನೊಬ್ಬರು ಕರೆಯುವುದು ಹಾಗೆಯೇ. "ನಾವು ಉಸಿರಾಡೋ ಗಾಳೀಲೇ ನೀರಿನ ಪಸೆ ಇದೆ. ಅದನ್ನ ಒತ್ತಿ ತುಂಬಿದ್ರೆ, ಒಳಗೆ ತಣ್ಣಗಾಗಿ ನೀರಾಗಿ ತಳಕ್ಕೆ ಇಳಿಯುತ್ತೆ. ಬಿಡದೇ ಹೋದ್ರೆ ಅಲ್ಲೇ ಕೂತು ಕಬ್ಬಿಣ ತಿನ್ನುತ್ತೆ."

ನಲ್ಲಿ ತಿರುಗಿದರೂ ಏನೂ ಬರಲಿಲ್ಲ. ತಂತಿ ಹಾಕಿ ಕೆದಕಿದಾಗ ತುಕ್ಕಿನ ಚೂರುಗಳ ಜೊತೆ ಗಬ್ಬು ನೀರು ಇಳಿಯಿತು, ಹೆಚ್ಚುಕಡಿಮೆ ಅರ್ಧ ಬಕೆಟ್ಟು. ಮಾರಿಹೊತ್‌ಗೆ ನಾಚಿಕೆಯಾಯಿತು. ಹೋಗಲಿ, ಈಗ ಸರಿಹೋಯಿತಲ್ಲ ಎಂದು ಸಮಾಧಾನ ಮಾಡಿಕೊಂಡ.

ಪಂಗಿಹುತನ್ ನಲ್ಲಿಯ ಪಕ್ಕದ ಬಣ್ಣವನ್ನೂ ಹೆರೆದು, ಸ್ಕ್ರೂಡ್ರೈವರ್ ಇಟ್ಟು ಬರಿಗೈಯಲ್ಲಿ ಒತ್ತಿದ. ಅದು ಹಿಡಿಯ ತನಕ ಒಳಗೆ ಹೋಯಿತು.

"ಇಲ್ಲಿ ಇಷ್ಟು ದಿನ ಗಾಳೀನ ತಡೆದಿದ್ದು ನಿಮ್ಮ ಬಣ್ಣ, ಲಾಯೆ."

"ವೆಲ್ಡಿಂಗ್ ಮಾಡಿಸ್ಲಾ?" ಮಾರಿಹೊತ್‌ನ ದನಿ ಕುಗ್ಗಿತ್ತು.

"ಬೇಡ. ತಳ ಹೀಗೆ ತೆಳ್ಳಗಾದ ಟ್ಯಾಂಕು ಗಾಳಿ ತುಂಬಿದಾಗ ಬಾಂಬಿನ ಹಾಗೆ ಸಿಡಿಯುತ್ತೆ. ಇದು ಗುಜರಿಗೇ."

ತೂತಿನಿಂದ ಒಂದು ಗೇಣು ಮೇಲೆ ತಾಯಿಯ ದಿಂಬು ಇನ್ನೂ ಒರಗಿಕೊಂಡಿತ್ತು. ಅದನ್ನು ಅಲ್ಲಿ ಇಟ್ಟುಕೊಟ್ಟವನು ಮಾರಿಹೊತ್‌ನೇ. ಅವನು ದಿಂಬನ್ನು ಎಳೆದು ತೆಗೆದ. ಬಾವನ ಎರಡೂ ಕೈ ಹಿಡಿದು ತಮ್ಮ ಭಾಷೆಯಲ್ಲಿ "ಮೌಲಿಆತೆ" ಎಂದು ಕೃತಜ್ಞತೆ ಹೇಳಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ನಿನಗೂ ಕಣೇ. ನೀನು ಹೇಳಿದಾಗ್ಲೇ ಕೇಳ್ಬೇಕಿತ್ತು. ನಮ್ಮವ್ವನ ಜೀವ ಉಳಿಸಿದೆ."

ಮದುವೆಯಾಗಿ ಹದಿನಾರು ವರ್ಷದಲ್ಲಿ ಗಂಡನಿಂದ ಅಂಥ ಮಾತು ಕೇಳಿರದ ತಿಯಾರ್ಮಾ ಎಲ್ಲರಿಗೂ ಕಾಫಿ ಬೆರೆಸಿದಳು. ಬೆಂಚಿನಿಂದ ಮುದುಕಿ, ಇನ್ನು ನನ್ನ ಸೊಂಟಕ್ಕೆ ಶಾಖ ಕೊಡುವವರು ಯಾರು ಎಂದು ಕೇಳಿದಳು. ನಾನೇ ನೀರು ಕಾಯಿಸಿ ಕೊಡುತ್ತೇನೆ ಎಂದ ಮಗ.

ಮೂರು ವಾರ ಅವನು ಕೈಪಂಪಿನಲ್ಲೇ ದುಡಿದ. ಈಗ ಪರೀಕ್ಷೆ ಮಾಡಿಸಿದ ಬೇರೆ ಟ್ಯಾಂಕು ಬಂದಿದೆ. ಯಾರನ್ನೂ ಅದರ ಹತ್ತಿರ ಕೂರಿಸುವುದಿಲ್ಲ.

ಗಾಳಿ ಯಂತ್ರ ಇಟ್ಟುಕೊಂಡಿರುವ ಅಣ್ಣಂದಿರೇ, ಅಕ್ಕಂದಿರೇ, ಇವತ್ತು ಅಂಗಡಿ ಮುಚ್ಚುವ ಮುಂಚೆ ಮೋಟರ್ ನಿಲ್ಲಿಸಿ. ಗಾಳಿಯನ್ನು ಬಹುಪಾಲು ಇಳಿಸಿ, ಮುಖ ದೂರವಿಟ್ಟು, ಅಡಿಯ ನಲ್ಲಿಯನ್ನು ಮೆಲ್ಲಗೆ ತಿರುಗಿಸಿ. ಬರೀ ಗಾಳಿ ಬರುವ ತನಕ ನೀರು ಹೋಗಲಿ. ಎರಡು ನಿಮಿಷದ ಕೆಲಸ, ದಿನಾ ಮಾಡಿ. ನಲ್ಲಿ ಕಟ್ಟಿಕೊಂಡಿದ್ದರೆ, ಇಲ್ಲವೇ ಟ್ಯಾಂಕು ಹಳೆಯದಾಗಿದ್ದರೆ, ತಿಳಿದವರಿಗೆ ತೋರಿಸದೆ ನಾಳೆ ಸ್ವಿಚ್ ಒತ್ತಬೇಡಿ. ನಿಮ್ಮ ಅಂಗಡಿಯಲ್ಲಿ ಅದರ ಪಕ್ಕ ಯಾರು ಕೂರುತ್ತಾರೆ ಎಂಬುದು ನಿಮಗೇ ಗೊತ್ತು.