ಹೊಳೆವ್ವನ ಮಡು

“ಆ ಜೇಕಿನ ಬುಡಕ್ಕ ದೊಡ್ಡ ಮೀನ ಅವ ಏನು ಅಂತ ಕೇಳ್ಲಿಕ್ಕೆ ಹತ್ಯಾರ ಸಾಹೇಬ್ರು. ಬಾಯಿ ಬಿಡೋ,” ಎಂದ ಕಾರಕೂನ ರಾಘಣ್ಣ.

ಅಂಬಿಗರ ಪರಶಪ್ಪ ಆ ಕಡೆ ತಲೆ ತಿರುಗಿಸಲಿಲ್ಲ. ಬೇಸಿಗೆಯ ಕೊನೆಯ ಆ ದಿನಗಳಲ್ಲಿ ಮಲಪ್ರಭೆ ಹರಿಯುವುದನ್ನು ಬಿಟ್ಟು ಅಲ್ಲೊಂದು ಇಲ್ಲೊಂದು ಮಡುವಾಗಿ ನಿಂತಿದ್ದಳು. ಸಾಹೇಬ ಬೆರಳು ಮಾಡಿ ತೋರಿಸುತ್ತಿದ್ದ ಕೆಳಗಿನ ಮಡುವಿನ ಆಳೆತ್ತರದ ಜೇಕು ಹುಲ್ಲಿನೊಳಗೆ, ಕುತ್ತಿಗೆಯವರೆಗೆ ನೀರಿನಲ್ಲಿ, ಪರಶಪ್ಪನ ತಮ್ಮ ಕಳಕಪ್ಪ ಕೂತಿದ್ದ. ನರಗುಂದದ ಕೋಟೆ ಕುಂಪಣಿ ಸರಕಾರದ ಕೈಗೆ ಬಿದ್ದು ಇನ್ನೂ ವಾರ ತುಂಬಿರಲಿಲ್ಲ. ಅಲ್ಲಿ ಕತ್ತಿ ಹಿಡಿದವರನ್ನು ಊರೂರು ಹುಡುಕಿ ಮರಕ್ಕೆ ನೇತು ಹಾಕುತ್ತಿದ್ದರು. ತೋಳಿಗೆ ಗುಂಡು ತಗುಲಿಸಿಕೊಂಡು ತಮ್ಮೂರು ಮೆಣಸಗಿಗೆ ಓಡಿಬಂದ ತಮ್ಮನನ್ನು ಪರಶಪ್ಪ ಮನೆಯೊಳಗೂ ಕರೆದುಕೊಳ್ಳದೆ ನೇರ ಜೇಕಿಗೆ ಸೇರಿಸಿದ್ದ. ಊರಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಗೊತ್ತಿದ್ದವರ ಬೆನ್ನಿನ ಚರ್ಮ ಸುಲಿಯುತ್ತಾರೆ. ಗೊತ್ತಿಲ್ಲದಿದ್ದರೆ ಊರಾದರೂ ಉಳಿದೀತು. ದಂಡು ಮುಂದಿನೂರಿಗೆ ಡೇರೆ ಕಿತ್ತ ಕೂಡಲೇ ತಮ್ಮನನ್ನು ಹೊಳೆ ದಾಟಿಸಿ ಬಾದಾಮಿ ಗುಡ್ಡಕ್ಕೆ ಮುಟ್ಟಿಸುವುದು ಅವನ ಎಣಿಕೆ.

ಆದರೆ ದಂಡಿನ ಈ ಸಾಹೇಬನಿಗೆ ಮೀನಿನ ಹುಚ್ಚು. ಇಷ್ಟು ದಿನ ಮನುಷ್ಯರ ಬೇಟೆಯಾಡಿ ಬೇಸರ ಬಂದಿತ್ತೋ ಏನೋ, ಇವತ್ತು ಬೆಳಿಗ್ಗೆ ಬಳುಕುವ ಉದ್ದನೆಯ ಕೋಲು ಹಿಡಿದು, ಇಬ್ಬರು ಸವಾರರನ್ನೂ ರಾಘಣ್ಣನನ್ನೂ ಕಟ್ಟಿಕೊಂಡು ಹೊಳೆಗೆ ಇಳಿದಿದ್ದ. ಅವನ ಗಾಳಕ್ಕೆ ಎರೆಹುಳು ಇಲ್ಲ, ಹಿಟ್ಟಿನ ಉಂಡೆ ಇಲ್ಲ. ಹುಂಜದ ಪುಕ್ಕವನ್ನು ನೂಲಿನಿಂದ ಬಿಗಿದು ನೊಣದಂತೆ ಮಾಡಿ ಕಟ್ಟಿದ್ದ. ಮೀನಿಗೂ ಮೋಸ ಮಾಡಿ ತಿನ್ನುವ ಜನ ಇವರು ಎಂದು ಪರಶಪ್ಪನಿಗೆ ಅಸಹ್ಯವಾಗಿತ್ತು.

“ಅಲ್ಲಿ ಮೀನ ಇಲ್ರಿ. ಮೊಸಳಿ ಐತಿ,” ಎಂದುಬಿಟ್ಟ.

ಹೆದರಿಸಿ ದೂರ ಇಡಬೇಕೆಂದು ಆಡಿದ ಮಾತು. ರಾಘಣ್ಣ ಅದನ್ನು ಹಿಂದೂಸ್ತಾನಿಯಲ್ಲಿ ಹೇಳಿದ್ದೇ ತಡ, ಸಾಹೇಬನ ಮುಖ ಅರಳಿತು. ಸವಾರನೊಬ್ಬನಿಗೆ ಬಂದೂಕು ತರಲು ಕೈಮಾಡಿದ.

“ಮೊಸಳಿ ಅಂದ್ರ ಭಾಳ ಖುಷಿ ಅವರಿಗೆ. ಜೇಕಿನ್ಯಾಗ ನಾಲ್ಕು ಗುಂಡು ಹೊಡದ್ರ ತಾನ ಹೊರಗ ಬೀಳ್ತದ ಅಂತಾರ,” ಎಂದ ರಾಘಣ್ಣ.

ಪರಶಪ್ಪನಿಗೆ ತನ್ನ ನಾಲಿಗೆಯನ್ನು ಕಿತ್ತೆಸೆಯಬೇಕೆನಿಸಿತು. “ಈಗ ಬ್ಯಾಡ್ರಿ ಯಪ್ಪಾ! ಈಗದು ತಳಾ ಹಿಡಿದಿರತೈತಿ, ಗುಂಡು ಸುಮ್ನ ದಂಡ. ಸಂಜಿಗೆ ದಂಡಿ ಮ್ಯಾಲ ಬಂದು ಮಲಗತೈತಿ, ಆವಾಗ ಹೊಡೀರಿ. ಅಲ್ಲೀತನ ಮ್ಯಾಲಿನ ಮಡುವಿಗೆ ಬರ್ರಿ. ತೊಡಿ ಗಾತ್ರದ ಮೀನ ತೋರಸ್ತೀನಿ.”

ತಾನೇನು ಹೇಳಿದೆನೆಂದು ಹೇಳಿದ ಮೇಲೆಯೇ ಅವನಿಗೆ ತಿಳಿಯಿತು. ಮೇಲಿನ ಮಡು ಹೊಳೆವ್ವನದು. ಅಲ್ಲಿಯ ಮೀನು ದೇವಿಯ ಮಕ್ಕಳು. ಬರ ಬಿದ್ದು ಊರು ಹುಲ್ಲಿನ ಬೀಜ ಕುಟ್ಟಿ ತಿಂದ ವರ್ಷದಲ್ಲೂ ಅಂಬಿಗರು ಅಲ್ಲಿ ಬಲೆ ಬೀಸಿರಲಿಲ್ಲ.

ಮಡುವಿನ ಕಲ್ಲು ಮೆಟ್ಟಿಲು ನೋಡಿ ರಾಘಣ್ಣ ತಡೆದು ನಿಂತ. “ಏ, ಇದು ದೇವರ ಮಡು ಅಲ್ಲಲಾ?”

“ಅಲ್ರಿ. ಅರಬಿ ಒಗಿಯೂ ಮೆಟ್ಟಲಾ.”

ದಂಡೆಯ ಮೇಲೆ ನೆರಳು ಕಂಡದ್ದೇ ಮೀನುಗಳು ಮೇಲೆದ್ದವು. ಮೈತುಂಬ ಕಾಸಿನಗಲದ ಹುರುಪೆ, ಕೆಂಪು ರೆಕ್ಕೆ, ಮುದಿಯಾದ ದೊಡ್ಡ ಮೀನುಗಳು. ಸಾಹೇಬ ಉಸಿರು ಬಿಗಿಹಿಡಿದು ಕೋಲು ಬೀಸಿದ. ಪುಕ್ಕ ನೀರಿನ ಮೇಲೆ ಹಗುರಾಗಿ ಕೂತಿತು. ತಲೆತಲಾಂತರದಿಂದ ಆ ಮೀನುಗಳಿಗೆ ಮೇಲಿನಿಂದ ಬಿದ್ದದ್ದೆಲ್ಲ ಚುರುಮುರಿಯೇ. ಅನುಮಾನವೆಂದರೆ ಏನೆಂದು ಅವಕ್ಕೆ ಗೊತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡದು ನಿಧಾನವಾಗಿ ಬಂದು ಬಾಯಿ ತೆರೆಯಿತು.

ಮೊದಲನೆಯದು ದಂಡೆಗೆ ಬಂದಾಗ ಸಾಹೇಬ ಹುಡುಗನಂತೆ ಕುಣಿದ. ಮೂರನೆಯದಕ್ಕೆ ಅವನಿಗೇ ಸೋಜಿಗವಾಯಿತು. ಇಷ್ಟು ಸುಲಭಕ್ಕೆ ಸಿಗುವ ಮೀನನ್ನು ಎಲ್ಲೂ ಕಂಡಿಲ್ಲವೆಂದ. ಆದರೆ ಬೀಸುವುದನ್ನು ನಿಲ್ಲಿಸಲಿಲ್ಲ. ಗಾಳ ಬಿಡಿಸಿ, ಕಲ್ಲಿನಿಂದ ತಲೆಗೆ ಹೊಡೆಯುವ ಕೆಲಸ ಪರಶಪ್ಪನದು. ಹುಟ್ಟಿದಾಗಿನಿಂದ ಮೀನು ಕೊಂದೇ ಉಂಡವನು ಅವತ್ತು ಕಣ್ಣು ಮುಚ್ಚಿಕೊಂಡು ಹೊಡೆದ. ‘ತಾಯೀ, ನನ್ನ ಬೇಕಾದ್ದು ಮಾಡು, ಹುಡುಗನ ಉಳಿಸು’ ಎಂದು ಪ್ರತಿ ಏಟಿಗೂ ಒಳಗೇ ಬೇಡಿಕೊಂಡ.

ಪೂಜಾರಿ ಅಂದಾನಪ್ಪ ಚುರುಮುರಿಯ ಬುಟ್ಟಿ ಹಿಡಿದು ಬಂದವನು ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟ. ಉಸುಕಿನ ಮೇಲೆ ಸಾಲಾಗಿ ಬಿದ್ದದ್ದನ್ನು ನೋಡಿ ಅವನ ಗಂಟಲಿಂದ ಹೊರಟ ಕೂಗಿಗೆ ಊರ ಅಗಸೆಬಾಗಿಲಲ್ಲಿದ್ದ ಜನವೆಲ್ಲ ಓಡಿಬಂದರು. ಸಾಹೇಬನ ಮೈ ಮುಟ್ಟುವ ಧೈರ್ಯ ಯಾರಿಗಿದೆ? ಮರದ ನೆರಳಲ್ಲಿ ಸವಾರರು ಬಂದೂಕು ಹಿಡಿದು ಕೂತಿದ್ದರು.

“ನನ್ನ ಮಾರಿ ಏನ್ ನೋಡ್ತೀರಿ? ನಿಮ್ಮ ಅಂಬಿಗನೇ ನಮ್ಮನ್ನ ಕರಕೊಂಡು ಬಂದಾನ,” ಎಂದು ರಾಘಣ್ಣ ಕೈ ತೊಳೆದುಕೊಂಡ.

“ಖರೇ ಏನಲೇ ಪರಶ್ಯಾ?” ಅಂದಾನಪ್ಪನ ಕಣ್ಣಲ್ಲಿ ನೀರಿತ್ತು. “ಯಾಕ? ಯಾತಕ್ಕ ಮಾಡಿದಿ?”

ಪರಶಪ್ಪ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟ. “ಸಾಹೇಬ್ರು ಇನಾಮ ಕೊಡ್ತಾರಂತ ಮಾಡೀನ್ರಿ.”

ಮೊದಲ ಏಟು ಯಾರದೋ ತಿಳಿಯಲಿಲ್ಲ. ಕಡೆಗೆ ಅವನದೇ ಹರಗೋಲಿನ ಹುಟ್ಟು ತಂದು ಬಡಿದರು. ಸಾಹೇಬ ಏನೆಂದು ಕೇಳಿದ್ದಕ್ಕೆ ರಾಘಣ್ಣ, ಜಾತಿಯವರ ಜಗಳ ಎಂದ. ಸಾಹೇಬ ಭುಜ ಕುಣಿಸಿ ಮತ್ತೆ ಕೋಲಿಗೆ ಕೈ ಹಾಕಿದ. ಪರಶಪ್ಪ ಹೆಗಲ ವಸ್ತ್ರವನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದಿದ್ದ. ಕೆಳಗಿನ ಮಡು ದೂರವಿಲ್ಲ, ಕೂಗಿದರೆ ತಮ್ಮನಿಗೆ ಕೇಳಿಸುತ್ತದೆ. ಹೊಡೆಯಲಿ, ಸಾಯಿಸಲಿ, ಸದ್ದು ಮಾತ್ರ ಹೊರಡಬಾರದು. ಅಳುವೂ ಇಲ್ಲ, ತಪ್ಪಾಯಿತೆಂಬ ಮಾತೂ ಇಲ್ಲ ಎಂದು ಜನಕ್ಕೆ ಮತ್ತಷ್ಟು ಸಿಟ್ಟು ಬಂತು. ಹುಟ್ಟು ಮೊಣಕೈಗೆ ಬಿದ್ದು ಎಲುಬು ಮುರಿದಾಗ ವಸ್ತ್ರ ಬಾಯಿಂದ ಜಾರಿತು.

“ಯವ್ವಾ!”

ಒಂದೇ ಕೂಗು. ಪರಶಪ್ಪ ಅದನ್ನು ಹಿಡಿದು ನುಂಗಲು ನೋಡಿದ, ಆಗಲಿಲ್ಲ.

ಕೆಳಗೆ ಜೇಕು ಅಲುಗಿತು. ಕಳಕಪ್ಪ ಎದ್ದು ಬಂದ. ಬಾತ ತೋಳನ್ನು ಎದೆಗೆ ಒತ್ತಿಕೊಂಡು, ಬೀಳುತ್ತ ಏಳುತ್ತ ಹಾಸುಬಂಡೆಗಳ ಮೇಲೆ ಓಡಿ ಬಂದ. “ನಮ್ಮಣ್ಣನ ಬಿಡ್ರೋ! ಬಡೀಬ್ಯಾಡ್ರೋ ನಮ್ಮಣ್ಣನ!”

ಹೊಡೆಯುವ ಕೈಗಳು ನಿಂತವು. ಈ ಹುಡುಗನನ್ನು ಊರೆಲ್ಲ ಎತ್ತಿ ಆಡಿಸಿತ್ತು. ಅಂದಾನಪ್ಪ ತೋಳಿನ ಗಾಯವನ್ನು ನೋಡಿದ, ಜೇಕನ್ನು ನೋಡಿದ, ಉಸುಕಿನ ಮೇಲಿನ ಮೀನುಗಳನ್ನು ನೋಡಿದ. “ನನಗೊಬ್ಬಂಗರ ಹೇಳಬಾರದಿತ್ತೇನೋ ತಮ್ಮಾ,” ಎಂದು ಪರಶಪ್ಪನ ಪಕ್ಕದಲ್ಲಿ ಕುಸಿದ. ಯಾರೋ ತಲೆಯ ರುಮಾಲು ಬಿಚ್ಚಿ ಕಳಕಪ್ಪನ ತೋಳಿನ ಗುಂಡಿನ ಗಾಯವನ್ನು ಮುಚ್ಚಹೋದರು. ಸವಾರರು ಆಗಲೇ ಎದ್ದು ಬಂದಿದ್ದರು.

ಕಳಕಪ್ಪನನ್ನು ಕಟ್ಟಿ ಡೇರೆಯ ಕಡೆಗೆ ನಡೆಸಿದರು. ತಿರುಗಿ ನೋಡಲು ಬಿಡಲಿಲ್ಲ. ದಿನಗಟ್ಟಲೆ ನೀರಿನಲ್ಲಿ ನೆಂದ ಅವನ ಪಾದಗಳು ಬಂಡೆಯ ಮೇಲೆ ಒದ್ದೆ ಹೆಜ್ಜೆಗಳನ್ನು ಬಿಟ್ಟುಹೋದವು. ಊರವರು ಅವನ್ನು ತುಳಿಯದೆ ಎರಡೂ ಬದಿಗೆ ಸರಿದು, ಬಿಸಿಲಿಗೆ ಕಡೆಯ ಹೆಜ್ಜೆ ಆರುವವರೆಗೂ ಹಾಗೆಯೇ ನಿಂತಿದ್ದರು.