ಮೊನ್ನೆಯ ಚಿತ್ರ

"ಇಲ್ಲೇ ನಿಲ್ಲಿಸಪ್ಪ. ಎಡಗಡೆಯವನು, ಟೋಪಿ ಹಿಂದುಮುಂದಾಗಿ ಹಾಕ್ಕೊಂಡಿದ್ದಾನಲ್ಲ, ಅವನೇ ನಮ್ಮ ಯಾದೆರ್."

ನಸಾರಿಯೊ ಗುಂಡಿ ಒತ್ತಿದ. ಹೊಳೆ ದಾಟುತ್ತಿದ್ದ ಹುಡುಗರ ಸಾಲು ಪರದೆಯ ಮೇಲೆ ನಿಂತುಬಿಟ್ಟಿತು. ಟೋಪಿಯವನು ಇತ್ತ ತಿರುಗಿ ನಗುತ್ತಿದ್ದ. ತ್ರಾನ್ಸಿತೊ ಎದ್ದು ಹೋಗಿ ಗಾಜಿನ ಮೇಲೆ ಮಗನ ಕೆನ್ನೆ ಸವರಿದಳು. ಬೆಟ್ಟದ ಊರಿನಿಂದ ಕಾಫಿ ಲಾರಿ ಹತ್ತಿ ರಾಜಧಾನಿ ಮನಾಗುವಾಕ್ಕೆ ಬಂದಿದ್ದಳು. ಚೀಲದಲ್ಲಿ ಮಗನಿಗೆಂದು ಬಾಳೆಲೆಯಲ್ಲಿ ಬೇಯಿಸಿದ ಮೆಕ್ಕೆಜೋಳದ ಕಡುಬು, ನಕತಮಾಲ್, ಇತ್ತು.

"ಈ ಹೊಳೆ ಯಾವ ಕಡೆ ಬರುತ್ತೆ ಅಂತ ಹೇಳ್ಬಿಡು ಸಾಕು. ನಾನೇ ಹುಡುಕ್ಕೊಂಡು ಹೋಗ್ತೀನಿ."

ನಸಾರಿಯೊ ಟೇಪು ಜೋಡಿಸುವ ಕೆಲಸದಲ್ಲಿದ್ದ ಆಳುವ ಪಕ್ಷದ ಸುದ್ದಿಸಂಸ್ಥೆಗೆ ಒಂದು ಪದ್ಧತಿಯಿತ್ತು. ಯುದ್ಧದಿಂದ ಬಂದ ಟೇಪಿನಲ್ಲಿ ತಮ್ಮವರ ಹೆಣ ಕಂಡರೆ ಅದು ಬೀರುವಿಗೆ. ಅದರ ಜಾಗಕ್ಕೆ ಹಳೆಯ ಟೇಪಿನ ನಗುವ ಹುಡುಗರನ್ನು ಅಂಟಿಸಿ, 'ಮೊನ್ನೆ ತೆಗೆದ ಚಿತ್ರ' ಎಂದು ಓದಿಸುವುದು. ಇದಕ್ಕೆ ಸುಳ್ಳು ಎನ್ನುವಂತಿಲ್ಲ, ಜನರಿಗೆ ಧೈರ್ಯ ತುಂಬುವುದು ಎನ್ನಬೇಕು. ತುಂಬಿತ್ತಲ್ಲ, ಈ ಹೆಂಗಸಿಗೆ ಬೇಕಾದಷ್ಟು ತುಂಬಿತ್ತು. ಅಂಟಿಸಿದವನು ನಸಾರಿಯೊನೇ. ಬೀರುವಿಗೆ ಹಾಕಿದ ಟೇಪಿನಲ್ಲೂ ಅದೇ ಟೋಪಿ, ಅದೇ ಮುಖ ಇತ್ತೆಂಬುದು ಅವನಿಗೆ ಈಗ ಹೊಳೆಯಿತು.

"ಇವನ ಹೆಣ ಅಂತ ಒಂದು ಪೆಟ್ಟಿಗೆ ತಂದು ಕೊಟ್ರು. ಮೊಳೆ ಹೊಡೆದಿದ್ರು, ತೆಗೀಬಾರ್ದು ಅಂದ್ರು. ಹೊತ್ತೋರೆಲ್ಲ, 'ಇದ್ರಲ್ಲಿ ಬಾಳೆದಿಂಡು ತುಂಬಿ ಕಳ್ಸಿದ್ದಾರೆ ಕಣೇ' ಅಂದ್ರು. ನಾನು ಕಿವಿಗೆ ಹಾಕ್ಕೊಳ್ಲಿಲ್ಲ. ಮಣ್ಣು ಮಾಡಿ ಒಂಬತ್ತು ದಿನದ ಪ್ರಾರ್ಥನೆಗೆ ಕೂತೆ. ಐದನೇ ದಿನ ಪಕ್ಕದ ಮನೆ ಟೀವೀಲಿ ಇವನು ನಗ್ತಾ ಬಂದ ನೋಡು. ಬದುಕಿರೋನಿಗೆ ಸತ್ತೋರ ಪ್ರಾರ್ಥನೆ ಮಾಡಿದ್ರೆ ಆಯಸ್ಸಿಗೆ ಕೇಡಲ್ವಾ? ಮೇಣದಬತ್ತಿ ಆರಿಸಿ, ಎಲ್ಲರನ್ನೂ ಮನೆಗೆ ಅಟ್ಟಿಬಿಟ್ಟೆ."

ಮುಖ್ಯಸ್ಥೆ ಗ್ಲಾದಿಸ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನಸಾರಿಯೊನನ್ನು ಹೊರಗೆ ಕರೆದಳು.

"ಗುಪ್ತ ಕೆಲಸದಲ್ಲಿದ್ದಾನೆ ಅಂದ್ಬಿಡು ಕಾಮ್ರೇಡ್. ಸಮಾಧಾನವಾಗಿ ಹೋಗ್ಲಿ ಪಾಪ. ಸಂಜೆ ಸುದ್ದಿಗೆ ಆ ಟೇಪು ಮತ್ತೆ ಬೇಕು."

"ಎಲ್ಲೀವರೆಗೆ ಗುಪ್ತ ಅನ್ನಲಿ?"

"ಯುದ್ಧ ಮುಗಿಯೋವರೆಗೆ."

ಅವನು ಒಳಗೆ ಬಂದಾಗ ತ್ರಾನ್ಸಿತೊ ಒಂದು ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟಿದ್ದಳು. "ಮುಖ ಯಾಕಪ್ಪ ಬಾಡಿದೆ? ಒಂದು ತಿನ್ನು. ನೀನೂ ಯಾರ ಮಗನೋ ಏನೋ. ಅವನಿಗೆ ಉಳಿದಿದ್ದು ಸಾಕು."

ಮುಖಕ್ಕೆ ಉಗಿದಿದ್ದರೂ ಅವನಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಅಮ್ಮಾ, ಇದು ಮೊನ್ನೇದಲ್ಲ. ಕಳೆದ ಬೇಸಿಗೇದು. ನಾನೇ ಅಂಟಿಸಿದ್ದು."

"ಹಾಗಂದ್ರೆ?"

"ಪೆಟ್ಟಿಗೆ ಬರೋಕ್ಕಿಂತ ಎಷ್ಟೋ ಮುಂಚಿಂದು. ಸತ್ತ ಮೇಲೆ ತೆಗೆದ ಚಿತ್ರಾನೂ ಇದೆ. ನೋಡಿದ್ದೀನಿ."

"ಅವನೇನಾ?"

"ಅವನೇ ಅಮ್ಮ."

ಅವಳು ಹೊಡೆದಾಳೆಂದು ಕಾದ. ಹೊಡೆಯಲಿ ಎಂದು ಬಯಸಿದ. ಅವಳು ಬಾಳೆಲೆಯನ್ನು ಮಡಚುತ್ತ, ಬಿಚ್ಚುತ್ತ ಕೂತಳು.

"ಹಾಗಾದ್ರೆ ಬಾಳೆದಿಂಡಲ್ಲ," ಎಂದಳು ಕೊನೆಗೆ. "ಅರ್ಧದಲ್ಲಿ ದೀಪ ಆರಿಸಿ ಬಂದೆನಲ್ಲೋ. ನನ್ನ ಮಗನ್ನ ಕತ್ತಲಲ್ಲಿ ಬಿಟ್ಟು ಬಂದೆ."

ಅವಳು ಬಾಳೆಲೆಯನ್ನು ಮೇಜಿನ ಮೇಲಿಟ್ಟಳು.

"ಮುರಿದ ಪ್ರಾರ್ಥನೆ ಮೊದಲಿಂದ ಶುರು ಮಾಡ್ಬೇಕು. ಊರು ಮುಟ್ಟೋವರೆಗೆ ನನಗೆ ತಡ್ಕೊಳಕ್ಕಾಗಲ್ಲ. ಒಬ್ಬರು ಹೇಳಿದ್ರೆ ಇನ್ನೊಬ್ಬರು ಓಗೊಡ್ಬೇಕು. ಬರುತ್ತಾ ನಿಂಗೆ?"

ಪಕ್ಷ ಸೇರಿದ ಮೇಲೆ ಅವನು ಇಗರ್ಜಿಯ ಮೆಟ್ಟಿಲು ತುಳಿದಿರಲಿಲ್ಲ. "ನಸಾರಿಯೊ, ಟೇಪು," ಎಂದು ಹೊರಗಿನಿಂದ ಗ್ಲಾದಿಸ್ ಕೂಗಿದಳು. ಅವನು ಏಳಲಿಲ್ಲ.

ತ್ರಾನ್ಸಿತೊ ಪರದೆಯ ಮುಂದೆ ಮಂಡಿಯೂರಿದಳು. "ಪ್ರಭುವೇ, ಇವನಿಗೆ ನಿತ್ಯಶಾಂತಿಯನ್ನು ಕೊಡು."

"ಆರದ ಬೆಳಕು," ಎಂದು ನಸಾರಿಯೊ ಶುರುಮಾಡಿದ. ಅಲ್ಲಿಗೇ ನಿಲ್ಲಿಸಿದ. ಅವಳು ಕಾದಳು. "ಆರದ ಬೆಳಕು ಇವನ ಮೇಲೆ ಬೆಳಗಲಿ."

ಪರದೆಯಲ್ಲಿ ಟೋಪಿಯ ಹುಡುಗ ಮೊಣಕಾಲುದ್ದ ನೀರಿನಲ್ಲಿ ನಡುಗುತ್ತ ನಿಂತಿದ್ದ. ಹಳೆಯ ಟೇಪು, ನಿಲ್ಲಿಸಿದರೆ ಚಿತ್ರ ನಡುಗುತ್ತದೆ.