ಕಾಸ್ಟೀಲಿನ ಕಡೆಯವರು

ಕುವೈತಿನ ಗೋದಾಮೊಂದರಲ್ಲಿ ಇಪ್ಪತ್ತು ವರ್ಷ ಸ್ಟೋರ್‌ಕೀಪರ್ ಆಗಿದ್ದ ಆಂಥನಿ ಪಿರೇರಾರಿಗೆ ಯಾರನ್ನೂ ನಂಬಿ ಅಭ್ಯಾಸವಿರಲಿಲ್ಲ. ಅಂಥವರು ಅಂಚೆಯಲ್ಲಿ ಬಂದ ಒಂದು ಕಾಗದವನ್ನು ಮಾತ್ರ ಕಣ್ಣುಮುಚ್ಚಿ ನಂಬಿಬಿಟ್ಟರು. ಹೆಸರು ಬರೆದು ಕಳಿಸಿದವರಿಗೆಲ್ಲ ವಂಶವೃಕ್ಷ ಮಾಡಿಕೊಡುವ ಕಂಪನಿಯೊಂದು 1996ರಲ್ಲಿ ಅದನ್ನು ಆಂಥನಿ ಆಮೇಲೆ ಬಂದು ನೆಲೆಸಿದ್ದ ಆಸ್ಟ್ರೇಲಿಯಾದ ಬ್ರಿಸ್ಬೇನಿನ ರನ್‌ಕಾರ್ನ್ ಬಡಾವಣೆಯ ಮನೆಗೆ ಕಳಿಸಿತ್ತು. ಅದರ ಪ್ರಕಾರ ಆಂಥನಿ ಪೋರ್ಚುಗಲ್ಲಿನ ಸರದಾರರ ಕುಡಿ. 1385ರಲ್ಲಿ ನೆರೆರಾಜ್ಯವಾದ ಕಾಸ್ಟೀಲಿನ ರಾಜ ದಂಡೆತ್ತಿ ಬಂದಾಗ ಪೋರ್ಚುಗಲ್ಲಿನ ಸೇನಾಪತಿ ಒಬ್ಬ ಪಿರೇರಾ. ಅವನ ಒಡಹುಟ್ಟಿದವರೇ ಶತ್ರುವಿನ ದಂಡಿನಲ್ಲಿದ್ದರು. ಆಂಥನಿಯದು ಸೇನಾಪತಿಯ ಕವಲು. ದ್ರೋಹಿಗಳ ಕವಲು ಎಲ್ಲಿ ಹೋಯಿತೋ ತಿಳಿಯದು ಎಂದು ಕಾಗದ ಹೇಳುತ್ತಿತ್ತು.

ಕಾಗದಕ್ಕೆ ತಿಳಿಯದ್ದು ಆಂಥನಿಗೆ ತಿಳಿಯಿತು. ಮಗಳು ಏಂಜೆಲಾ ಅಡಿಲೇಡಿನಲ್ಲಿ ನರ್ಸ್. ಅಲ್ಲೇ ಪ್ರಾಸ್ಪೆಕ್ಟ್ ಬಡಾವಣೆಯ ವೆಸ್ಲಿಯನ್ನು ಮೆಚ್ಚಿದ್ದಳು. ಅವನೂ ಪಿರೇರಾ. ಮದುವೆ ಜನವರಿಗೆ. ತಾಯಿಯಿಲ್ಲದ ಮಗಳ ಕೈ ಹಿಡಿದು ಚರ್ಚಿನ ಬಲಿಪೀಠದ ತನಕ ನಡೆಯುವುದೊಂದೇ ಆಂಥನಿಗೆ ಉಳಿದಿದ್ದ ಆಸೆ. ಆದರೆ ಆ ಕೈಯನ್ನು ಎಂಥ ಮನೆತನಕ್ಕೆ ಒಪ್ಪಿಸುವುದು? ಹುಡುಗನ ತಾಯಿ ರೀಟಾಗೆ ಫೋನ್ ಮಾಡಿ, ನಿಮ್ಮದು ಯಾವ ಕವಲು ಎಂದು ಕೇಳಿಯೇಬಿಟ್ಟರು.

“ಅಜ್ಜನ ಹೆಸರು ಗೊತ್ತು. ಅದರ ಹಿಂದೆ ಯಾರು ಕಂಡಿದ್ದಾರೆ ಆಂಥನಿಯವರೇ?” ಎಂದು ರೀಟಾ ನಕ್ಕರು.

ಆ ನಗು ಆಂಥನಿಯ ನೆಮ್ಮದಿ ಕೆಡಿಸಿತು. ಗೊತ್ತಿದ್ದೂ ಮುಚ್ಚಿಡುತ್ತಿದ್ದಾಳೆ, ಇದು ಕಾಸ್ಟೀಲಿನ ಕಡೆಯ ರಕ್ತವೇ ಸರಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಕ್ರಿಸ್‌ಮಸ್ಸಿಗೆ ರೀಟಾ ಕಳಿಸಿದ ತಿಂಡಿಯ ಡಬ್ಬಿಯನ್ನೂ, ಇಷ್ಟೇಕೆ ಉಪಚಾರ ಎಂದು ಮುಚ್ಚಳ ತೆಗೆಯದೆ ಇಟ್ಟರು. ಪರ್ತ್‌ನಲ್ಲಿದ್ದ ತಮ್ಮ ಜಾಕ್ಸನ್‌ಗೆ, ಕರಾವಳಿಯ ತಮ್ಮ ಊರಿಗೆ ಫೋನ್ ಮಾಡಿ ರೀಟಾಳ ಮನೆತನದ ಬಗ್ಗೆ ವಿಚಾರಿಸಲು ಹೇಳಿದರು.

ವಾರದಲ್ಲೇ ಜಾಕ್ಸನ್ ಉತ್ತರ ಕೊಟ್ಟ. “ಏನೂ ಇಲ್ಲ ಅಣ್ಣ. ಹಿಂದೆ ಯಾವನೋ ಪೋರ್ಚುಗೀಸ್ ಪಾದ್ರಿ ನಮ್ಮೋರಿಗೆ ದೀಕ್ಷಾಸ್ನಾನ ಕೊಟ್ಟು ತನ್ನ ಪಿರೇರಾ ಹೆಸರನ್ನೇ ಎಲ್ರಿಗೂ ಇಟ್ಬಿಟ್ಟ. ಅಪ್ಪನೇ ಹೇಳ್ತಿದ್ರಲ್ಲ. ನಮಗೂ ಪೋರ್ಚುಗಲ್‌ಗೂ ಅಷ್ಟೇ ಸಂಬಂಧ.”

“ನಿನ್ನನ್ನೂ ಅವರ ಕಡೆ ಎಳ್ಕೊಂಡ್ಬಿಟ್ರಾ?” ಎಂದು ಆಂಥನಿ ಫೋನ್ ಇಟ್ಟರು.

ಆ ಸೇನಾಪತಿಯ ಕಾಲದ ಪ್ರಭುಗಳು ಬೇಡವಾದ ಮದುವೆ ಮುರಿಯಲು, ನಾವು ಹತ್ತಿರದ ರಕ್ತಸಂಬಂಧಿಗಳು ಎಂದು ಚರ್ಚಿನ ಮುಂದೆ ವಾದಿಸುತ್ತಿದ್ದರೆಂದು ಆಂಥನಿ ಲೈಬ್ರರಿ ಪುಸ್ತಕದಲ್ಲಿ ಓದಿದ್ದರು. ಮದುವೆಗೆ ಮುಂಚೆ ಮೂರು ಭಾನುವಾರ ಜೋಡಿಯ ಹೆಸರು ಓದಿ, ಆಕ್ಷೇಪವಿದ್ದವರು ತಿಳಿಸಿ ಎನ್ನುವ ಪದ್ಧತಿ ಏಂಜೆಲಾಳ ಚರ್ಚಿನಲ್ಲೂ ಇತ್ತು. ಎರಡನೆಯ ಭಾನುವಾರ ಕಳೆದೊಡನೆ ಆಂಥನಿ ಅಲ್ಲಿನ ಪಾದ್ರಿಗೆ ಬರೆದರು: ಇಬ್ಬರೂ ಒಂದೇ ರಕ್ತ, ಈ ಮದುವೆ ಸಲ್ಲದು. ಜೊತೆಗೆ ವಂಶವೃಕ್ಷದ ಪ್ರತಿ. ಮಗಳನ್ನು ಕಾಪಾಡಿದೆ ಎಂದೇ ನಂಬಿದ್ದರು, ಪಾಪ.

ಹತ್ತು ದಿನ ಸುದ್ದಿಯಿಲ್ಲ. ಆಮೇಲೆ ಏಂಜೆಲಾ ಫೋನ್ ಮಾಡಿದಳು.

“ಫಾದರ್ ನಿಮ್ಮ ಲೆಟರ್ ತೋರ್ಸಿದ್ರು, ಡ್ಯಾಡಿ. ಜಾಕ್ಸನ್ ಅಂಕಲ್ ಊರಿಂದ ಎರಡೂ ಮನೆಯ ಚರ್ಚ್ ರೆಕಾರ್ಡ್ಸ್ ಫ್ಯಾಕ್ಸ್ ಮಾಡ್ಸಿದ್ರು. ನಾಲ್ಕು ತಲೆಮಾರು ಏನೂ ಸಂಬಂಧ ಇಲ್ಲ. ಮದ್ವೆ ಅದೇ ದಿನ.”

“ಆಯ್ತು ಮಗಾ. ನಾನು ಎರಡು ದಿನ ಮುಂಚೆನೇ ಬಂದ್ಬಿಡ್ತೀನಿ. ಆಲ್ಟರ್ ತನಕ ನಿನ್ನ ಕೈ ಹಿಡ್ಕೊಂಡು...”

“ಜಾಕ್ಸನ್ ಅಂಕಲ್ ಕರ್ಕೊಂಡ್ ಹೋಗ್ತಾರೆ. ಅವ್ರನ್ನ ಕೇಳಿ ಆಯ್ತು.”

ಆಂಥನಿ ಗೋಡೆಗೆ ಒರಗಿದರು. “ಹಾಗಾದ್ರೆ ನಾನ್ಯಾಕೆ ಬರ್ಬೇಕು?”

“ರೀಟಾ ಆಂಟಿ ತಮ್ಮ ಪಕ್ಕದಲ್ಲೇ ನಿಮಗೆ ಸೀಟ್ ಇಡ್ಸಿದ್ದಾರೆ. ನಾನು ಬೇಡ ಅಂದಿದ್ದೆ.”

ಆಂಥನಿ ಫೋನ್ ಹಿಡಿದುಕೊಂಡೇ ಅತ್ತರು. ಏಂಜೆಲಾ ಫೋನ್ ಇಡದೆ ಕೇಳಿಸಿಕೊಂಡಳು, ಸಮಾಧಾನ ಮಾತ್ರ ಹೇಳಲಿಲ್ಲ.